ಲೆಕ್ಕ ಅವರದು, ವಸೂಲಿ ಇವರಿಂದ

‘ಅಷ್ಟು ವರ್ಷ ಹೆಚ್ಚಿಗೆ ದುಡ್ಡು ಬರ್ತಿದ್ರೆ ಆಕೆಗೆ ಗೊತ್ತಾಗಲಿಲ್ವೇ?’ ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರಿಗೆ ಬ್ಯಾಂಕಿನಿಂದ ಲಕ್ಷಗಟ್ಟಲೆ ವಸೂಲಿಯ ನೋಟಿಸ್ ಬಂದ ಸುದ್ದಿ ಕೇಳಿ ಪರಿಚಿತರೊಬ್ಬರು ಆಡಿದ ಮಾತು ಇದು. ಕುಟುಂಬ ಪಿಂಚಣಿ ತಪ್ಪಾಗಿ ಹೆಚ್ಚು ಪಾವತಿಯಾಗಿದೆ ಎಂಬ ತಕರಾರು ಎದ್ದಾಗಲೆಲ್ಲ ಇಂಥ ಮಾತು ಬರುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನನ್ನ ಮಟ್ಟಿಗೆ, ಲೆಕ್ಕ ಹಾಕುವ ಕೆಲಸ ಯಾರದೋ ಆ ಲೆಕ್ಕ ತಪ್ಪಿದ ನಷ್ಟವೂ ಅವರದೇ. ಮೋಸ ಮಾಡದ ವಿಧವೆಯ ಪಿಂಚಣಿಗೆ ಕೈ ಹಾಕುವ ಹಕ್ಕು ಯಾರಿಗೂ ಇಲ್ಲ.

ಗೊತ್ತಾಗಬೇಕಾದರೆ ಆಕೆಗೆ ಏನೇನು ತಿಳಿದಿರಬೇಕು, ನೋಡೋಣ. ಕೇಂದ್ರ ಸರ್ಕಾರದ ನೌಕರ ನಿವೃತ್ತಿಯ ನಂತರ ತೀರಿಕೊಂಡರೆ ಹೆಂಡತಿಗೆ ಮೊದಲು ಹೆಚ್ಚಿನ ದರದ ಕುಟುಂಬ ಪಿಂಚಣಿ ಸಿಗುತ್ತದೆ. ಸಾಮಾನ್ಯವಾಗಿ ಅದು ಕೊನೆಯ ಮೂಲವೇತನದ ಶೇ. 50. ಗಂಡ ಸತ್ತು 7 ವರ್ಷ ತುಂಬುವವರೆಗೆ, ಅಥವಾ ಆತ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಗೆ ಈ ದರ ಮುಗಿಯುತ್ತದೆ. ಆಮೇಲೆ ಶೇ. 30. ಮೂಲವೇತನ 40,000 ಇದ್ದವರು 60ಕ್ಕೆ ನಿವೃತ್ತರಾಗಿ 61ಕ್ಕೆ ತೀರಿಕೊಂಡರು ಎನ್ನಿ. ಹೆಂಡತಿಗೆ ತಿಂಗಳಿಗೆ 20,000 ರೂಪಾಯಿ ಬರುತ್ತದೆ. ಆರು ವರ್ಷಕ್ಕೆ ಅದು 12,000ಕ್ಕೆ ಇಳಿಯಬೇಕು. ಬ್ಯಾಂಕು ಇಳಿಸುವುದನ್ನು ಮರೆತು ಐದು ವರ್ಷ ಕಳೆದರೆ, ಡಿ.ಎ. ಬಿಟ್ಟೇ 4,80,000 ರೂಪಾಯಿ ಆಕೆಯ ತಲೆಯ ಮೇಲೆ ಬರುತ್ತದೆ. ಸತ್ತ ಗಂಡನ ಅರವತ್ತೇಳನೆಯ ಹುಟ್ಟುಹಬ್ಬವನ್ನು ನೆನಪಿಟ್ಟುಕೊಂಡು, ಆ ದಿನ ಬ್ಯಾಂಕಿಗೆ ಹೋಗಿ ‘ನನ್ನ ಪಿಂಚಣಿ ಕಡಿಮೆ ಮಾಡಿ’ ಎಂದು ಆಕೆ ಕೇಳಬೇಕಿತ್ತೇ?

ಪಿಂಚಣಿ ಪಾವತಿ ಆದೇಶದಲ್ಲಿ, ಎಲ್ಲರೂ ಪಿಪಿಒ ಎನ್ನುವ ಕಾಗದದಲ್ಲಿ, ದರ ಇಳಿಯುವ ತಾರೀಕು ಬರೆದಿರುತ್ತದೆ ಎನ್ನುವುದು ನಿಜ. ಅದೇ ತಾರೀಕು ಬ್ಯಾಂಕಿನ ಬಳಿಯೂ ಇದೆ. ಅದನ್ನು ಕಾಯುವುದಕ್ಕೆಂದೇ ಅಲ್ಲಿ ಕಂಪ್ಯೂಟರು, ಸಿಬ್ಬಂದಿ ಇದ್ದಾರೆ. ಆಕೆಯ ಕೈಯಲ್ಲಿರುವುದು ಪಾಸ್‌ಬುಕ್. ಅದರಲ್ಲಿ ತಿಂಗಳಿಗೊಂದು ಸಾಲು, ಆ ಸಾಲಿನಲ್ಲಿ ಒಂದೇ ಮೊತ್ತ. ಮೂಲ ಪಿಂಚಣಿ ಎಷ್ಟು, ಡಿ.ಎ. ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಡಿ.ಎ. ಜನವರಿ ಮತ್ತು ಜುಲೈಯಿಂದ, ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಆದೇಶ ತಡವಾದಾಗ ಬಾಕಿಯೂ ಅದೇ ಸಾಲಿನಲ್ಲಿ ಸೇರಿಕೊಂಡು ಬರುತ್ತದೆ. ನಡುವೆ ವೇತನ ಆಯೋಗ ಬಂದರೆ ಎಲ್ಲ ಅಂಕಿಗಳೂ ಬುಡಸಮೇತ ಬದಲಾಗುತ್ತವೆ. ಪ್ರತಿ ಸಲ ಮೊತ್ತ ಏರಿದಾಗಲೂ ‘ಡಿ.ಎ. ಬಂದಿರಬೇಕು’ ಎಂದುಕೊಳ್ಳುವುದು ಸಹಜ. ಲೆಕ್ಕ ಬಲ್ಲ ಗಂಡ ಬದುಕಿದ್ದಾಗಲೂ ಹಾಗೆಯೇ ಅಂದುಕೊಳ್ಳುತ್ತಿದ್ದ. ವರ್ಷಗಳ ಕಾಲ ಬ್ಯಾಂಕಿನವರ, ಇಲಾಖೆಯವರ, ಆಡಿಟ್‌ನವರ ಕಣ್ಣಿಗೆ ಬೀಳದ ತಪ್ಪು ಆಕೆಯ ಕಣ್ಣಿಗೆ ಬೀಳಬೇಕಿತ್ತು ಎನ್ನುವುದು ಯಾವ ಸೀಮೆಯ ನ್ಯಾಯ?

ಎದುರು ವಾದದಲ್ಲಿ ತೂಕವಿದೆ. 1872ರ ಕರಾರು ಕಾಯ್ದೆಯ 72ನೇ ಕಲಂ ತಪ್ಪಿನಿಂದ ಬಂದ ಹಣವನ್ನು ಮರಳಿಸಬೇಕು ಎನ್ನುತ್ತದೆ. ಇದು ತೆರಿಗೆದಾರರ ಹಣ, ಅಧಿಕಾರವಿಲ್ಲದೆ ಪಾವತಿಯಾದದ್ದನ್ನು ಕೆಲವು ಸಂದರ್ಭ ಬಿಟ್ಟರೆ ಯಾವಾಗಲೂ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ, ಉತ್ತರಾಖಂಡದ ಶಿಕ್ಷಕರ ಪ್ರಕರಣದಲ್ಲಿ ಹೇಳಿತು. ಗಂಡ ಸತ್ತ ಮೇಲೂ ಆತನ ಹೆಸರಿನಲ್ಲಿ ಜಮೆಯಾದ ಪಿಂಚಣಿಯನ್ನು ಮರಳಿಸಲೇಬೇಕು, ನಾನೂ ಒಪ್ಪುತ್ತೇನೆ. ಸಾವನ್ನು ಮುಚ್ಚಿಟ್ಟು ಹಣ ತೆಗೆದವರಿಂದ ಬಡ್ಡಿಸಮೇತ ವಸೂಲು ಮಾಡಲಿ. ಆದರೆ ಸಾರ್ವಜನಿಕ ಹಣದ ವಾದ ಒಂದು ಕಡೆ ಸಡಿಲವಾಗುತ್ತದೆ. ಬ್ಯಾಂಕಿನ ತಪ್ಪಿನಿಂದ ಹೆಚ್ಚು ಪಾವತಿಯಾಗಿದ್ದರೆ, ಪಿಂಚಣಿದಾರರಿಂದ ವಸೂಲಾಗುವುದನ್ನು ಕಾಯದೆ ಬ್ಯಾಂಕು ಆ ಮೊತ್ತವನ್ನು ಒಂದೇ ಗಂಟಾಗಿ ಸರ್ಕಾರಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಹಾಗೆ ಕಟ್ಟಿದ ಮೇಲೆ ಬೊಕ್ಕಸಕ್ಕೆ ನಷ್ಟವಿಲ್ಲ. ಆಮೇಲೆ ಆಕೆಯ ಪಿಂಚಣಿಯಲ್ಲಿ ಕಡಿತವಾಗುವ ಹಣ ತುಂಬುವುದು ಬ್ಯಾಂಕಿನ ನಷ್ಟವನ್ನು.

ಇನ್ನೂ ಸಿಟ್ಟು ಬರಿಸುವುದು ಗಂಡನ ಬಾಕಿಯನ್ನು ಹೆಂಡತಿಯ ಪಿಂಚಣಿಯಿಂದ ಮುರಿಯುವ ಪದ್ಧತಿ. ಗಂಡ ಬದುಕಿದ್ದಾಗ ಆತನಿಗೆ ಹೆಚ್ಚು ಬಂದಿದ್ದರೆ ಅದು ಆತನ ಸಾಲ. ಕಾನೂನಿನ ಪ್ರಕಾರ ವಾರಸುದಾರರ ಹೊಣೆ ಸತ್ತವರಿಂದ ಅವರ ಕೈಗೆ ಬಂದ ಆಸ್ತಿಯಷ್ಟಕ್ಕೇ ಸೀಮಿತ. ಕುಟುಂಬ ಪಿಂಚಣಿ ಸತ್ತ ನೌಕರನ ಆಸ್ತಿಯಲ್ಲ, ಆತ ಉಯಿಲು ಬರೆದು ಬೇರೆಯವರಿಗೆ ಕೊಡಲಾಗದ್ದು ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಅದು ಆಕೆಯ ಸ್ವಂತ ಹಕ್ಕು. ಆತನ ಬಾಕಿಗೆ ಆಕೆಯ ಅನ್ನವನ್ನು ಜಪ್ತಿ ಮಾಡುವುದಕ್ಕೆ ಯಾವ ಆಧಾರವಿದೆ?

2014ರ ಡಿಸೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟಿನ ರಫೀಕ್ ಮಸೀಹ್ ತೀರ್ಪು ಇಂಥ ವಸೂಲಿಗೆ ಬೇಲಿ ಹಾಕಿತು. ಮೂರನೇ, ನಾಲ್ಕನೇ ದರ್ಜೆಯ ನೌಕರರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಪಾವತಿಯಿಂದ ವಸೂಲು ಮಾಡಕೂಡದು; ಬೇರೆ ಯಾವುದೇ ಪ್ರಕರಣದಲ್ಲಿ ವಸೂಲಿ ಕ್ರೂರವಾಗುತ್ತದೆ ಎನಿಸಿದರೂ ಕೂಡದು ಎಂದಿತು. 2016ರ ಮಾರ್ಚಿನಲ್ಲಿ ಕೇಂದ್ರ ಸಿಬ್ಬಂದಿ ಇಲಾಖೆ ಇದನ್ನು ಪಾಲಿಸಿ ಎಂದು ಸುತ್ತೋಲೆ ಹೊರಡಿಸಿತು, ಆದರೆ ಮನ್ನಾ ಮಾಡಲು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಒಪ್ಪಿಗೆ ಬೇಕೆಂದೂ ಸೇರಿಸಿತು. ಕಡಿತ ಮಾಡುವುದಕ್ಕೆ ಶಾಖೆಯಲ್ಲಿ ಕೀಲಿಮಣೆ ಒತ್ತಿದರೆ ಸಾಕು, ಬಿಡುವುದಕ್ಕೆ ಕಡತ ದಿಲ್ಲಿಯವರೆಗೆ ಹೋಗಿ ಬರಬೇಕು!

ಅನ್ಯಾಯವಾಗಿದ್ದರೆ ಕೋರ್ಟಿಗೆ ಹೋಗಲಿ ಎನ್ನುವವರು ಎಪ್ಪತ್ತರ ಮೇಲಿನ ಒಂಟಿ ಹೆಂಗಸಿನ ಜತೆ ಒಂದು ದಿನ ವಕೀಲರ ಕಚೇರಿಯಲ್ಲಿ ಕಾದು ಕೂತು ಬರಲಿ.

ಬ್ಯಾಂಕಿನವರ ಕೊನೆಯ ಆಸರೆ ಮುಚ್ಚಳಿಕೆ: ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆ ಎಂದು ನೀವೇ ಸಹಿ ಹಾಕಿದ್ದೀರಲ್ಲ ಎನ್ನುತ್ತಾರೆ. ಅಂಥ ಸಹಿಗೆ ಬದ್ಧರಾಗಿರಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದುಂಟು. ಆದರೆ ಅಲ್ಲಿ ಸಹಿ ಹಾಕಿದವರು ಪರಿಷ್ಕೃತ ವೇತನ ಪಡೆಯುತ್ತಿದ್ದ ನ್ಯಾಯಾಂಗ ಅಧಿಕಾರಿ, ಕಾನೂನು ಓದಿದವರು. ಇಲ್ಲಿ ಸಹಿ ಹಾಕುವವರು ಹದಿಮೂರನೇ ದಿನದ ಕಾರ್ಯ ಮುಗಿಸಿ, ಮರಣ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಕೌಂಟರಿನ ಮುಂದೆ ನಿಂತವರು. ‘ಇಲ್ಲಿ, ಇಲ್ಲಿ, ಇಲ್ಲೊಂದು’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟ ಕಡೆ ಸಹಿ ಹಾಕದಿದ್ದರೆ ಪಿಂಚಣಿ ಶುರುವಾಗುವುದೇ ಇಲ್ಲ. ಆ ಸಹಿಯನ್ನು ಹತ್ತು ವರ್ಷದ ನಂತರ ಒಪ್ಪಿಗೆ ಎಂದು ತೋರಿಸುವ ಬ್ಯಾಂಕು ಮೊದಲು ತಿಂಗಳುವಾರು ಲೆಕ್ಕವನ್ನು ಕನ್ನಡದಲ್ಲಿ ಬರೆದು ಆಕೆಯ ಕೈಗೆ ಕೊಡಲಿ. ಎಷ್ಟು ಗಂಡನ ಕಾಲದ್ದು, ಎಷ್ಟು ಆಕೆಯ ಕಾಲದ್ದು ಎಂದು ಬೇರ್ಪಡಿಸಲಿ. ತಪ್ಪು ಯಾವ ಕಚೇರಿಯಲ್ಲಿ ಆಯಿತು ಎಂಬುದನ್ನೂ ಬರೆಯಲಿ. ಆಕೆ ಉತ್ತರ ಕೊಡುವವರೆಗೆ ಒಂದು ರೂಪಾಯಿಯನ್ನೂ ಮುರಿಯಕೂಡದು.