ಕಪಾಟಿನಲ್ಲಿ ಉಳಿದ ವರದಿ

ಮಗುವಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಾರದಿದ್ದಾಗ, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದಾಗ, ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ತಾಸುಗಟ್ಟಲೆ ತಿರುಗಿಸುತ್ತ ಕುಳಿತಾಗ, ಮನೆಯ ಹಿರಿಯರು ಹೇಳುವ ಮಾತೊಂದಿದೆ: "ಇವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು." ಈ ಸಮಾಧಾನದಲ್ಲಿ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. ಅನಂತರ ಬಾಲವಾಡಿಯ ಟೀಚರು ಏನೋ ಸೂಚಿಸುತ್ತಾರೆ. ತಾಯಿ ನೆರೆಹೊರೆಗೆ ತಿಳಿಯದಂತೆ ನಗರದ ಖಾಸಗಿ ಕ್ಲಿನಿಕ್ಕೊಂದರಲ್ಲಿ ದಿನ ಗೊತ್ತುಮಾಡುತ್ತಾಳೆ. ನಮ್ಮ ಅನೇಕ ಮನೆಗಳಿಗೆ ಆಟಿಸಂ ಎಂಬ ಶಬ್ದ ಪ್ರವೇಶಿಸುವುದು ಹೀಗೆ, ಹಿಂಬಾಗಿಲಿನಿಂದ.

ಕನ್ನಡದಲ್ಲಿ 'ಖಾಸಗಿ' ಎಂಬುದಕ್ಕೆ ಎರಡು ಅರ್ಥಗಳಿವೆ. ಸರಕಾರದ್ದಲ್ಲದ್ದು ಎಂಬುದು ಒಂದು. ಅನ್ಯರಿಗೆ ತಿಳಿಯಬಾರದ್ದು ಎಂಬುದು ಇನ್ನೊಂದು. ಒಂದು ಶಬ್ದದ ಎರಡು ಅರ್ಥಗಳ ನಡುವೆ ಜಾರಿ ವಾದ ಹೂಡುವುದನ್ನು ನ್ಯಾಯಶಾಸ್ತ್ರ 'ವಾಕ್ಛಲ' ಎಂದು ಕರೆದಿದೆ. ಆಟಿಸಂನ ವಿಚಾರದಲ್ಲಿ ಈ ಛಲಕ್ಕೆ ನಮ್ಮನ್ನು ನಾವೇ ಗುರಿಮಾಡಿಕೊಳ್ಳುತ್ತಿದ್ದೇವೆ ಎಂದು ನನ್ನ ಭಾವನೆ. ಮೊದಲನೆಯ ಅರ್ಥದ ಖಾಸಗಿ ತಪಾಸಣೆಯಲ್ಲಿ ಯಾವ ತಪ್ಪೂ ಇಲ್ಲ. ಎರಡನೆಯ ಅರ್ಥದ ಖಾಸಗಿತನವು ಮಗುವಿಗೆ ಸಲ್ಲಬೇಕಾದುದನ್ನು ಸಲ್ಲಗೊಡುವುದಿಲ್ಲ.

ಖಾಸಗಿಯಾಗಿ ತೋರಿಸುವವರನ್ನು ಆಕ್ಷೇಪಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂತಹ ಸರಕಾರಿ ಸಂಸ್ಥೆಗಳಲ್ಲಿ ನುರಿತ ತಜ್ಞರಿದ್ದಾರೆ, ನಿಜ. ಆದರೆ ಕರಾವಳಿಯ ಹಳ್ಳಿಯಿಂದ, ಬಸ್ಸಿನ ಸದ್ದಿಗೇ ಕಿವಿ ಮುಚ್ಚಿ ಚೀರುವ ಮಗುವನ್ನು ಕರೆದುಕೊಂಡು ಘಟ್ಟ ಹತ್ತುವ ಕಷ್ಟ ಹೆತ್ತವರಿಗೇ ಗೊತ್ತು. ಸಮೀಪದಲ್ಲಿ ಯೋಗ್ಯರು ಸಿಕ್ಕರೆ ಹಣ ತೆತ್ತಾದರೂ ತೋರಿಸುವುದು ವಿವೇಕವೇ.

ಆ ಹಣ ಯಾವುದಕ್ಕೆ ಎಂಬುದನ್ನು ಮಾತ್ರ ಅರಿತಿರಬೇಕು. ಆಟಿಸಂ ಇದೆಯೇ ಇಲ್ಲವೇ ಎಂದು ನಿರ್ಣಯಿಸಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಂದಿಗೂ ಇಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದದ್ದು ಅವರನ್ನು ನೋಡಿ, ಅವರ ಹೆತ್ತವರನ್ನು ಕೇಳಿ. ಇಂದಿನ ತಜ್ಞರ ದಾರಿಯೂ ಮುಖ್ಯವಾಗಿ ಅದೇ. ಆದುದರಿಂದ ನಾವು ಶುಲ್ಕ ಕೊಡುವುದು ತಜ್ಞರ ಸಮಯಕ್ಕೆ. 16ರಿಂದ 30 ತಿಂಗಳ ಮಕ್ಕಳಿಗೆಂದು 20 ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದು ಜರಡಿ ಮಾತ್ರ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಹತ್ತು ನಿಮಿಷದಲ್ಲಿ ಪಟ್ಟಿ ತುಂಬಿಸಿ "ಆಟಿಸಂ" ಎಂದು ಬರೆದುಕೊಡುವ ಕಡೆ ನಿರ್ಣಯ ದೊರೆಯಿತೆಂದು ತಿಳಿಯಬಾರದು. ನಮ್ಮ ದೇಶದಲ್ಲಿಯೇ ರೂಪಿಸಿದ 'ಇಸಾ' ಎಂಬ ಮಾಪನದಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕಗಳಿವೆ. ಮಗುವನ್ನು ಸಾವಧಾನವಾಗಿ ಗಮನಿಸದೆ ಅವನ್ನು ತುಂಬಿಸಲಾಗದು. ನೋಡುವವರು ಮಕ್ಕಳ ಬೆಳವಣಿಗೆಯಲ್ಲಿ ಪರಿಣತರಾದ ಶಿಶುವೈದ್ಯರೋ, ಮನೋವೈದ್ಯರೋ ಆಗಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಕೇಳಿದರೆ ಅವಮಾನವೇನೂ ಆಗದು. ಕರೆದರೆ ತಿರುಗದ ಮಗುವಿನ ಶ್ರವಣ ಪರೀಕ್ಷೆಯನ್ನೂ ಮಾಡಿಸಲೇಬೇಕು.

ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಅಜ್ಜಿಯೊಡನೆ ಕೊಂಕಣಿಯಲ್ಲಿ ನಾಲ್ಕು ಮಾತಾಡುವ ಮಗು, ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಮೌನವಾಗಿದ್ದರೆ ಆ ಮೌನದ ಅರ್ಥವೇನು? ತಪಾಸಣೆ ಯಾವ ಭಾಷೆಯಲ್ಲಿ ನಡೆಯಿತೆಂಬುದು ವರದಿಯಲ್ಲಿ ದಾಖಲಾಗುವಂತೆ ಹೆತ್ತವರು ಒತ್ತಾಯಿಸಬೇಕು. ಹಲವು ಭಾಷೆಗಳಿಂದ ಮಗು ಗಲಿಬಿಲಿಗೊಂಡಿದೆ, ಕೊಂಕಣಿ ಬಿಟ್ಟುಬಿಡಿ ಎಂದು ಕೆಲವರು ಸಲಹೆ ಕೊಡುವುದುಂಟು. ಎರಡು ಭಾಷೆಗಳ ಮನೆಯಲ್ಲಿ ಬೆಳೆದುದರಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಅಜ್ಜಿಯೂ ಇಲ್ಲವಾಗುತ್ತಾಳೆ. ಅಂದಹಾಗೆ, ತಪಾಸಣೆಗೆ ಆಕೆಯನ್ನೂ ಕರೆದೊಯ್ಯಬೇಕು. ಕೊಲ್ಲಿ ರಾಷ್ಟ್ರದಿಂದ ಒಂದು ತಿಂಗಳ ರಜೆಯಲ್ಲಿ ಬಂದ ತಂದೆ ಕೊಡಲಾಗದ ಉತ್ತರಗಳು, ದಿನವೂ ಗಂಜಿ ಉಣಿಸುವವಳಲ್ಲಿರುತ್ತವೆ.

ವಯಸ್ಕರ ವಿಚಾರ ಇನ್ನೂ ಸೂಕ್ಷ್ಮ. 'ಮುಂಗೋಪಿ', 'ಯಾರೊಂದಿಗೂ ಬೆರೆಯದವ', 'ಮಹಾ ಸಂಕೋಚದ ಹುಡುಗಿ' ಎಂದು ಕರೆಸಿಕೊಂಡೇ ಬೆಳೆದು, ಮೂವತ್ತು ದಾಟಿದ ಮೇಲೆ ತನ್ನ ಸ್ವಭಾವಕ್ಕೊಂದು ಹೆಸರಿರಬಹುದೆಂದು ಅರಿಯುವವರಿದ್ದಾರೆ. ಅವರ ತಪಾಸಣೆಗೆ ಬಾಲ್ಯದ ಸಾಕ್ಷ್ಯ ಬೇಕು. ತಾಯಿಯ ನೆನಪು, ಹಳೆಯ ಶಾಲಾ ಪ್ರಗತಿಪತ್ರಗಳು ಇಲ್ಲಿ ಬೆಲೆಬಾಳುತ್ತವೆ. ಮದುವೆ ಮಾಡಿಸಿದರೆ ಸರಿಹೋಗುತ್ತಾನೆ ಎನ್ನುವವರ ಬಗ್ಗೆ ಬರೆಯಲು ಈ ಅಂಕಣದಲ್ಲಿ ಸ್ಥಳ ಸಾಲದು.

ಇನ್ನು ವರದಿಯ ಮಾತು. ಅದು ಎಷ್ಟೇ ಉತ್ತಮವಾಗಿರಲಿ, ಖಾಸಗಿ ತಜ್ಞರ ವರದಿ ಅಂಗವೈಕಲ್ಯದ ಪ್ರಮಾಣಪತ್ರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಆದರೆ ಅದರ ಸವಲತ್ತು ಪಡೆಯಲು ಸರಕಾರ ನೇಮಿಸಿದ ವೈದ್ಯಕೀಯ ಪ್ರಾಧಿಕಾರವು ಪರೀಕ್ಷಿಸಿ ಪ್ರಮಾಣಪತ್ರವನ್ನೂ ಯು.ಡಿ.ಐ.ಡಿ. ಚೀಟಿಯನ್ನೂ ಕೊಡಬೇಕು. ಇಲ್ಲಿಯೇ ಬಹಳ ಮನೆಗಳು ನಿಂತುಬಿಡುತ್ತವೆ. ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತರೆ ಪರಿಚಯದವರು ಕಂಡಾರು. ತಂಗಿಗೆ ಸಂಬಂಧ ಕೂಡಿಬರುವ ಹೊತ್ತಿಗೆ ಮಾತು ಎದ್ದೀತು. ಸಾವಿರಾರು ರೂಪಾಯಿ ತೆತ್ತು ಪಡೆದ ವರದಿ ಸೀರೆಗಳ ಅಡಿಯಲ್ಲಿ, ಕಪಾಟಿನಲ್ಲಿ ಉಳಿಯುತ್ತದೆ.

ಈ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ನಮ್ಮ ನಾಲಗೆಗಳ ಪರಿಚಯ ನನಗಿದೆ. ಆದರೆ ಅದರ ಬೆಲೆಯನ್ನು ತೆರುವವರು ಯಾರು? 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಶೇಕಡಾ ಮೀಸಲಾತಿಯ ಪಾಲಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳುವಾಗಲೂ ಇದೇ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಒದಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ಆತ ವಯಸ್ಕ. ಬ್ಯಾಂಕಿನಲ್ಲಿ, ಆಸ್ತಿಯ ವಿಚಾರದಲ್ಲಿ ತಾನಾಗಿ ವ್ಯವಹರಿಸಲಾರದವನ ಪರವಾಗಿ ತಾಯಿಯ ಸಹಿ ಸಾಲದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸಬಹುದು. ಅಲ್ಲಿಯೂ ಪ್ರಮಾಣಪತ್ರ ಕೇಳುತ್ತಾರೆ. "ನಮ್ಮ ಕಾಲಾನಂತರ ಇವನಿಗೆ ಯಾರು?" ಎಂದು ರಾತ್ರಿ ನಿದ್ದೆಗೆಡುವ ಹೆತ್ತವರು, ಆ ಪ್ರಶ್ನೆಗೆ ಉತ್ತರಿಸಬಲ್ಲ ಕಾಗದವನ್ನು ಮಾಡಿಸದೇ ಉಳಿಯುತ್ತಾರೆ.

ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಮಗುವಿನ ಮಾನ ಕಾಯುವುದು ಬೇರೆ, ಮಗುವನ್ನೇ ಮರೆಮಾಚುವುದು ಬೇರೆ. ಶಾಲೆಗೆ ತಿಳಿಯಬೇಕು, ವೈದ್ಯರಿಗೆ ತಿಳಿಯಬೇಕು, ಮುಂದೆ ಅವನ ಹೊಣೆ ಹೊರಬೇಕಾದ ಅಕ್ಕತಂಗಿಯರಿಗೆ ಮತ್ತು ಅವರ ಕೈಹಿಡಿಯುವವರಿಗೂ ತಿಳಿಯಬೇಕು. ಉಳಿದವರ ಕುತೂಹಲಕ್ಕೆ ಉತ್ತರಿಸುವ ಹಂಗಿಲ್ಲ.

ಗುಟ್ಟಿನ ಇನ್ನೊಂದು ಅಪಾಯವೆಂದರೆ, ಯಾರಲ್ಲೂ ವಿಚಾರಿಸಲಾಗದವನನ್ನು ವಂಚಿಸುವುದು ಸುಲಭ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವುದಾಗಿ ಪ್ರಚಾರ ಮಾಡಿದವರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ ಅದು ಶಿಫಾರಸಿಗೆ ಅರ್ಹವಲ್ಲವೆಂದು ಹೇಳಿತು. ನಿರ್ಣಯ ಕೊಟ್ಟ ಮೇಜಿನ ಮೇಲೆಯೇ 'ಗುಣಪಡಿಸುವ' ಪ್ಯಾಕೇಜಿನ ದರಪಟ್ಟಿ ಕಂಡರೆ ಎದ್ದು ಬರುವುದು ಲೇಸು.

ಮಾತಿನ ತರಬೇತಿಯನ್ನೂ ದಿನಚರಿಯ ಅಭ್ಯಾಸಗಳನ್ನೂ ಆರಂಭಿಸಲು ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಸಂಶಯ ಬಂದ ವಾರದಲ್ಲಿಯೇ ತೊಡಗಬಹುದು. ಪ್ರಮಾಣಪತ್ರದ ಅರ್ಜಿಯನ್ನು ಯು.ಡಿ.ಐ.ಡಿ. ಜಾಲತಾಣದಲ್ಲಿ ಸಲ್ಲಿಸಬೇಕು. ಕೈಲಾಗದವರಿಗೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಹೋಗುವಾಗ ಮಗುವಿನ ಆಧಾರ್, ಭಾವಚಿತ್ರಗಳ ಜೊತೆಗೆ ಕಪಾಟಿನಲ್ಲಿರುವ ಆ ಖಾಸಗಿ ವರದಿಯನ್ನೂ ಕೊಂಡೊಯ್ಯಬೇಕು. ಪರೀಕ್ಷಿಸುವ ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ.