ಯಂತ್ರಹಸ್ತದ ವಿರಳ ತೊಡಕುಗಳು
1916ರಲ್ಲಿ ನಿಜಾಮರ ಆಳಿಕೆಯಲ್ಲಿ ನಿರ್ಮಿತವಾದ ಹೈದರಾಬಾದಿನ ಕಾಚಿಗೂಡ ನಿಲ್ದಾಣದಲ್ಲಿ ಮೈಸೂರಿನ ರೈಲಿಗೆ ಕಾದು ಕುಳಿತ ಹಿರಿಯ ಕನ್ನಡಿಗರ ಮಾತು, ಮಕ್ಕಳ ಉದ್ಯೋಗದಿಂದ ಹೊರಟು, ಪ್ರಾಸ್ಟೇಟ್ ಗ್ರಂಥಿಯವರೆಗೂ ಹರಿಯುವುದುಂಟು. ಅರ್ಬುದಪೀಡಿತವಾದ ಆ ಗ್ರಂಥಿಯನ್ನು ರೋಬೋಟಿನ ಬಾಹುಗಳಿಂದ ತೆಗೆಯುವ ವಿದ್ಯೆಯು 2000ದಲ್ಲಿ ಜರ್ಮನಿಯಲ್ಲಿ ಮೊದಲಾಗಿ, ಆಂಧ್ರ ಮೂಲದ ಉದ್ಯಮಿ ರಾಜ್ ವಟ್ಟಿಕೂಟಿಯವರ ದಾನಬಲದಿಂದ ಡೆಟ್ರಾಯಿಟಿನಲ್ಲಿ ಶಸ್ತ್ರವೈದ್ಯ ಮಣಿ ಮೆನನ್ ಅವರ ಹಸ್ತದಲ್ಲಿ ಪರಿಪಕ್ವಗೊಂಡು, ಈಗ ಹೈದರಾಬಾದಿನಲ್ಲಿಯೂ ಪರಿಚಿತವಾಗಿದೆ. ಮೂತ್ರದ ಹಿಡಿತ ಸಡಿಲವಾಗುವುದು, ಪುರುಷತ್ವ ಕುಂದುವುದು ಮೊದಲಾದ ತೊಡಕುಗಳನ್ನು ವೈದ್ಯರು ಮುಂಚಿತವಾಗಿಯೇ ಹೇಳುವರು. ವಿಚಿತ್ರವಾದದ್ದು ಬೇರೆ: ರಕ್ತನಾಳವನ್ನು ಬಿಗಿಯಲೆಂದು ಇಟ್ಟ, ದೇಹದಲ್ಲಿ ಕರಗದ ಪಾಲಿಮರ್ ಕ್ಲಿಪ್ಪೊಂದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ತನ್ನ ನೆಲೆಯನ್ನು ತೊರೆದು, ಮೆಲ್ಲಮೆಲ್ಲನೆ ಮೂತ್ರಕೋಶದ ಭಿತ್ತಿಯನ್ನು ಭೇದಿಸಿ ಒಳಹೊಕ್ಕು, ಲವಣದ ಪದರಗಳನ್ನು ಮೈಗೂಡಿಸಿಕೊಂಡು ಕಲ್ಲಾಗಿ, ಉರಿ, ರಕ್ತ, ಪದೇ ಪದೇ ಸೋಂಕು ಎಂಬ ಉಪದ್ರವಗಳನ್ನು ತಂದೊಡ್ಡುವುದುಂಟು, ಕೆಲವೊಮ್ಮೆ ಮೂತ್ರದೊಡನೆ ತಾನೇ ಹೊರಬಿದ್ದು ರೋಗಿಯನ್ನು ಬೆರಗುಗೊಳಿಸಿದ್ದೂ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ತಲೆ ಕೆಳಗಾಗಿ, ಕಾಲು ಮೇಲಾಗಿ ಗಂಟೆಗಟ್ಟಲೆ ಮಲಗಿಸುವ ಭಂಗಿಯಿಂದ ದೃಷ್ಟಿನರಕ್ಕೆ ರಕ್ತ ಸಾಲದೆ ಕಣ್ಣು ಮಂಕಾದ ಅತಿವಿರಳ ಪ್ರಸಂಗಗಳೂ ಇವೆ (ಕಿಬ್ಬೊಟ್ಟೆಯ ಕಾಯಿಲೆಗೆ ಹೋದವನಿಗೆ ಕಣ್ಣಿನ ಚಿಂತೆ!). ಎಷ್ಟೋ ಕಾಲದ ಬಳಿಕ ಉರಿಮೂತ್ರವೆಂದು ಬಂದವನಿಗೆ ಬರಿದೆ ಮಾತ್ರೆ ಬರೆದುಕೊಡುವ ವೈದ್ಯನಿಗಿಂತ, ಹಳೆಯ ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಕೇಳಿ ತರಿಸಿಕೊಂಡು, ದುರ್ಬೀನು ಹಾಕಿ ಮೂತ್ರಕೋಶವನ್ನು ಪರೀಕ್ಷಿಸುವವನೇ ನನಗೆ ಹೆಚ್ಚಿನವನಾಗಿ ತೋರುತ್ತಾನೆ. ಕ್ಲಿಪ್ಪು ಕಣ್ಣಿಗೆ ಬಿದ್ದರೆ ಬಹುಮಟ್ಟಿಗೆ ಹೊಟ್ಟೆ ಕೊಯ್ಯದೆ ಅದೇ ಮಾರ್ಗವಾಗಿಯೇ ಅದನ್ನು ಹೊರತೆಗೆಯಬಹುದು.