ಗಣಿ ತೋಡಿದ ನೆಲಕ್ಕೆ ಮೊದಲು ದ್ವಿದಳ ಬೆಳೆ

ಅದಿರನ್ನು ಅಗೆದು ಬಿಟ್ಟ ನೆಲವನ್ನು ಸಮಮಾಡಿ, ಸಸಿಗಳನ್ನು ನೆಟ್ಟೊಡನೆ ಅದು ಮತ್ತೆ ಸಾಗುವಳಿಗೆ ಯೋಗ್ಯವಾಯಿತೆಂದು ಭಾವಿಸುವುದು ತಪ್ಪು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಳನ್ನು ನಿಲ್ಲಿಸಿ, ಅವನ್ನು ಮರಳಿ ತೆರೆಯುವುದಕ್ಕೆ ನೆಲದ ಉದ್ಧಾರದ ಯೋಜನೆಯನ್ನು ಷರತ್ತಾಗಿ ವಿಧಿಸಿತು. ಆ ಉದ್ಧಾರವು ಕಣ್ಣಿಗೆ ಕಾಣದ ಜೀವಾಣುಗಳಿಂದ ಆರಂಭವಾಗತಕ್ಕದ್ದು.

ಗಣಿಯ ಕಸಮಣ್ಣಿನಲ್ಲಿ ಸಾರಜನಕವು ಅತ್ಯಲ್ಪ. ಹುರುಳಿ, ಅಲಸಂದೆ, ಸೆಣಬುಗಳ ಬೇರುಗಂಟುಗಳಲ್ಲಿ ವಾಸಿಸುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ; ಗಿಡವು ಅವಕ್ಕೆ ಸಕ್ಕರೆಯನ್ನು ಒದಗಿಸುತ್ತದೆ. 1888ರಲ್ಲಿ ಹಾಲೆಂಡಿನ ಬೈಯರಿಂಕನು ಈ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದನು. ಬೇರೂ ಎಲೆಯೂ ಕೊಳೆತಾಗ ಮಣ್ಣಿನ ಇತರ ಜೀವಾಣುಗಳಿಗೂ ಆಹಾರವು ದೊರೆಯುತ್ತದೆ.

ಆದರೆ ಆಳದಿಂದ ಮೇಲೆ ಬಂದ ಮಣ್ಣಿನಲ್ಲಿ ಈ ಜೀವಾಣುಗಳು ಸಾಕಷ್ಟಿರುವುದಿಲ್ಲ. ಆದುದರಿಂದ ಆಯಾ ಬೆಳೆಗೆ ತಕ್ಕ ಜೀವಾಣುಗೊಬ್ಬರವನ್ನು ಆರಿದ ಬೆಲ್ಲದ ಪಾಕದೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಬಿತ್ತತಕ್ಕದ್ದು. ರಂಜಕದ ಗೊಬ್ಬರವೂ ಅವಶ್ಯ. ಬೇರುಗಂಟನ್ನು ಸೀಳಿದಾಗ ಒಳಭಾಗವು ಕೆಂಪಾಗಿದ್ದರೆ ಕೆಲಸವು ನಡೆದಿದೆಯೆಂದು ತಿಳಿಯಬಹುದು. ಮೊದಲ ವರ್ಷಗಳಲ್ಲಿ ಕಾಳನ್ನು ಆಶಿಸದೆ, ಹೂ ಬಿಡುವ ಕಾಲದಲ್ಲಿ ಸೆಣಬನ್ನು ಉತ್ತು ಮಣ್ಣಿಗೆ ಸೇರಿಸುವುದೇ ಲೇಸು.

ಗಣಿಯ ಮೇಲ್ಮಣ್ಣನ್ನು ಬೇರೆಯಾಗಿ ತಗ್ಗು ರಾಶಿಗಳಲ್ಲಿಟ್ಟು, ತಡಮಾಡದೆ ಹಿಂದಕ್ಕೆ ಹರಡುವಂತೆ ಗ್ರಾಮಮುಖ್ಯರು ಒತ್ತಾಯಪಡಿಸಬೇಕು. ಎತ್ತರದ ರಾಶಿಯೊಳಗೆ ಗಾಳಿಯಿಲ್ಲದೆ ಜೀವಾಣುಗಳು ಕ್ಷೀಣಿಸುತ್ತವೆ. ನೆಟ್ಟ ಸಸಿಗಳ ಲೆಕ್ಕವನ್ನು ಒಪ್ಪಿಸಿದ ಮಾತ್ರಕ್ಕೆ ನೆಲದ ಸಾಲವು ತೀರದು.